ನಾಲ್ಕನೆಯ ನಿಮಿಷದಲ್ಲಿ ಕೈಕೊಟ್ಟ ಕೈಗಳು

ಶೂ ಲೇಸಿನ ಗಂಟು ಬಿಚ್ಚಲು ನನ್ನ ಬೆರಳುಗಳಿಗೆ ಆಗಲಿಲ್ಲ. 65 ಕಿಲೋ ವಿಭಾಗದ ಫ್ರೀಸ್ಟೈಲ್ ಕುಸ್ತಿ ಪಂದ್ಯವೊಂದರ ಮೊದಲ ಅವಧಿಯ ಕೊನೆಗೆ 4–0 ಮುಂದಿದ್ದ ನಾನು, ನಾಲ್ಕನೆಯ ನಿಮಿಷದಿಂದ ಒಂದರ ಹಿಂದೊಂದು ಪಾಯಿಂಟ್ ಬಿಟ್ಟುಕೊಟ್ಟು 4–9ರಿಂದ ಸೋತು ಹೊರಬಂದಿದ್ದೆ. ಉಸಿರು ಎರಡು ನಿಮಿಷದಲ್ಲಿ ಹದಕ್ಕೆ ಬಂದಿತ್ತು, ಕಾಲಿನಲ್ಲಿ ಇನ್ನೂ ಕಸುವಿತ್ತು. ಆದರೆ ಎರಡೂ ಮುಂಗೈಗಳು ಕಲ್ಲಿನಂತೆ ಬಿಗಿದು, ಬೆರಳುಗಳು ಮಡಚಿದ ಹಾಗೆಯೇ ನಿಂತುಬಿಟ್ಟಿದ್ದವು. ಕೊನೆಗೆ ಗೆಳೆಯನೊಬ್ಬ ಎದುರಿಗೆ ಕುಳಿತು ಲೇಸು ಬಿಚ್ಚಿದ. ದಾವಣಗೆರೆಗೆ ಮರಳಿ ಗರಡಿಮನೆಯಲ್ಲಿ ಇದನ್ನು ಹೇಳಿದಾಗ ನಮ್ಮ ಉಸ್ತಾದರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: "ದಮ್ಮು ಸಾಲ್ದು ತಮ್ಮಾ. ನಾಳೆಯಿಂದ ಇನ್ನೂ ಐನೂರು ಬಸ್ಕಿ ಜಾಸ್ತಿ ಹೊಡಿ."

ಅವರ ಮಾತನ್ನು ಒಂದು ವರ್ಷ ಚಾಚೂತಪ್ಪದೆ ಪಾಲಿಸಿದೆ. ತೊಡೆ ದಪ್ಪವಾಯಿತು, ಮುಂದಿನ ವರ್ಷವೂ ಅದೇ ನಾಲ್ಕನೆಯ ನಿಮಿಷದಲ್ಲಿ ಸೋತೆ.

ಇದರಲ್ಲಿ ಉಸ್ತಾದರ ತಪ್ಪೇನೂ ಇರಲಿಲ್ಲ. ಅವರು ಬೆಳೆದದ್ದು ಮಣ್ಣಿನ ಕುಸ್ತಿಯಲ್ಲಿ. ದುಗ್ಗಮ್ಮನ ಜಾತ್ರೆಯ ಬಯಲು ಜಂಗಿ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡುವವರೆಗೆ ಅಥವಾ ಹಿರಿಯರು ಜೋಡಿಯನ್ನು ಬಿಡಿಸುವವರೆಗೆ ಸೆಣಸಾಟ ನಡೆಯುತ್ತದೆ; ಒಬ್ಬರ ಭಾರವನ್ನು ಇನ್ನೊಬ್ಬರು ಹೊತ್ತು ನಿಧಾನವಾಗಿ ದಣಿಸುವ ಆ ಆಟಕ್ಕೆ ಸಾವಿರ ಬಸ್ಕಿಯ ಕಾಲುಗಳೇ ಬೇಕು. ನಾನು ಆಡುವ ಮ್ಯಾಟ್ ಕುಸ್ತಿಯ ಲೆಕ್ಕ ಬೇರೆ. ಮೂರು ಮೂರು ನಿಮಿಷಗಳ ಎರಡು ಅವಧಿ, ನಡುವೆ ಮೂವತ್ತು ಸೆಕೆಂಡು ಬಿಡುವು. ಆ ಆರು ನಿಮಿಷಗಳಲ್ಲಿ ಐದರಿಂದ ಹತ್ತು ಸೆಕೆಂಡು ಮೈಯೆಲ್ಲ ಸ್ಫೋಟಿಸಿದಂತೆ ನುಗ್ಗುವುದು, ಬಳಿಕ ಕೆಲವು ಸೆಕೆಂಡು ಕೈ ಕೈ ಹಿಡಿದು ತಳ್ಳಾಡುವುದು, ಮತ್ತೆ ನುಗ್ಗುವುದು. ಇಂಥ ಹದಿನೈದು ಇಪ್ಪತ್ತು ನುಗ್ಗುಗಳಲ್ಲಿ ಕೊನೆಯ ಐದಾರು ಮೊದಲಿನಷ್ಟೇ ಚುರುಕಾಗಿದ್ದರೆ ಗೆಲುವು, ಇಲ್ಲದಿದ್ದರೆ ನನ್ನ ಗತಿ.

ಸ್ನಾಯು ಸಂಕುಚಿಸಲು ಎಟಿಪಿ ಎಂಬ ಇಂಧನ ಬೇಕು. ಅದರ ದಾಸ್ತಾನು ಕೆಲವೇ ಸೆಕೆಂಡಿಗೆ ಸಾಲುವಷ್ಟು. ಅದನ್ನು ತಕ್ಷಣ ತುಂಬಿಕೊಡುವ ಕ್ರಿಯೇಟಿನ್ ಫಾಸ್ಫೇಟ್ ಕೂಡ ಪೂರ್ತಿ ಬಲದ ಕೆಲಸಕ್ಕೆ ಸುಮಾರು ಹತ್ತು ಸೆಕೆಂಡು ಬರುತ್ತದೆ. ಹೀಗೆ ಖರ್ಚಾದ ಕ್ರಿಯೇಟಿನ್ ಫಾಸ್ಫೇಟ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಮೂವತ್ತು ಸೆಕೆಂಡಿನ ವಿಶ್ರಾಂತಿಯಲ್ಲಿ ಮರಳುತ್ತದೆ, ಪೂರ್ತಿಯಾಗಲು ಮೂರರಿಂದ ಐದು ನಿಮಿಷ ಹಿಡಿಯುತ್ತದೆ, ಮತ್ತು ಈ ಮರುಪೂರಣ ನಡೆಯುವುದು ಆಮ್ಲಜನಕದ ಬಲದಿಂದ. ಇದನ್ನು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ನುಗ್ಗುವ ಬಲಕ್ಕೂ ಕೆರೆಯ ಸುತ್ತ ನಿಧಾನವಾಗಿ ಓಡುವುದಕ್ಕೂ ಏನು ಸಂಬಂಧ ಎಂದು ನಗುತ್ತಿದ್ದ ನನಗೆ ಉತ್ತರ ಅಲ್ಲಿಯೇ ಇತ್ತು. ಬಿಡುವಿನ ಮೂವತ್ತು ಸೆಕೆಂಡುಗಳಲ್ಲಿ ಸ್ನಾಯು ಎಷ್ಟು ತುಂಬಿಕೊಳ್ಳುತ್ತದೆ ಎಂಬುದನ್ನು ನಿರ್ಧರಿಸುವುದರಲ್ಲಿ ಹೃದಯ, ರಕ್ತನಾಳ, ಶ್ವಾಸಗಳ ಪಾಲೇ ದೊಡ್ಡದು.

ಮರುದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣವೆಂದು ಇಂದಿಗೂ ಗರಡಿಯಲ್ಲೂ ಜಿಮ್‌ನಲ್ಲೂ ಹೇಳುತ್ತಾರೆ. ಅದು ನಿಜವಲ್ಲ. ಪಂದ್ಯದಲ್ಲಿ ಏರಿದ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್ ರಕ್ತದಲ್ಲಿ ಇರುವ ರೂಪ) ಒಂದು ಗಂಟೆಯ ಆಸುಪಾಸಿನಲ್ಲಿ ರಕ್ತದಿಂದ ಇಳಿದುಹೋಗಿರುತ್ತದೆ; ಹೃದಯ ಅದನ್ನೇ ಇಂಧನವಾಗಿ ಬಳಸಿಕೊಳ್ಳುತ್ತದೆ. ಒಂದೆರಡು ದಿನ ಬಿಟ್ಟು ಏರುವ ನೋವು ಬರುವುದು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಸಣ್ಣ ಪೆಟ್ಟಿನಿಂದ, ಅದರಲ್ಲೂ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುವ ಕೆಲಸದಿಂದ. ಬಸ್ಕಿಯಲ್ಲಿ ಕೆಳಗಿಳಿಯುವ ಅರ್ಧ ಭಾಗ ಅಂಥದ್ದೇ.

ಆ ಪೆಟ್ಟು ಎಲ್ಲಿಗೆ ಮುಟ್ಟಬಹುದು ಎಂಬುದನ್ನು ನಾನು ಮೈಮೇಲೆ ಎಳೆದುಕೊಂಡೇ ಕಲಿತೆ. ಜ್ವರದಿಂದ ಐದು ವಾರ ಅಖಾಡ ಬಿಟ್ಟಿದ್ದವನು ಒಂದು ತರಬೇತಿ ಶಿಬಿರಕ್ಕೆ ಹೋದೆ. ಅಲ್ಲಿ ಪಟ್ಟು ತಪ್ಪಿದವರಿಗೆ ಬಸ್ಕಿಯ ಶಿಕ್ಷೆ ಇತ್ತು; ಮೊದಲ ದಿನವೇ ನನ್ನ ಎಣಿಕೆ ಸಾವಿರದ ಇನ್ನೂರು ದಾಟಿತು. ಬೇಡವೆನ್ನುವ ಧೈರ್ಯ ನನಗಿರಲಿಲ್ಲ, ಬೇಡವೆನ್ನಲು ಅಹಂಕಾರವೂ ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ತೊಡೆಗಳು ಊದಿ ಮೊಣಕಾಲು ಮಡಚದಾಯಿತು, ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದ ವೈದ್ಯರು ರಾಬ್ಡೋಮಯೋಲಿಸಿಸ್ ಎಂದರು: ಸ್ನಾಯುಕೋಶಗಳು ಒಡೆದು ಒಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೋರಿ ಮೂತ್ರಪಿಂಡಗಳಿಗೆ ಹಾನಿ ಮಾಡುವ ಸ್ಥಿತಿ. ನಾಲ್ಕು ದಿನ ಡ್ರಿಪ್ ಹಾಕಿಸಿಕೊಂಡು ಮಲಗಿದ್ದೆ. ಬಿಟ್ಟು ಹಿಡಿದ ವ್ಯಾಯಾಮವನ್ನು ಮೊದಲ ದಿನ ಸ್ವಲ್ಪವೇ ಮಾಡಿದರೆ, ಆ ಸ್ವಲ್ಪವೇ ಮುಂದಿನ ಕೆಲವು ವಾರಗಳ ಕಾಲ ಸ್ನಾಯುವನ್ನು ದೊಡ್ಡ ಪೆಟ್ಟಿನಿಂದ ಕಾಯುತ್ತದೆ. ಈಗ ಊರಿನಿಂದ ಮರಳಿದ ಹುಡುಗರಿಗೆ ಮೊದಲ ದಿನ ನಲವತ್ತು ಬಸ್ಕಿಗಿಂತ ಹೆಚ್ಚು ಮಾಡಿಸುವುದಿಲ್ಲ. ಮೂತ್ರದ ಬಣ್ಣ ಕಂದಾದರೆ ನಾಚದೆ ಹೇಳಬೇಕೆಂದು ಮೊದಲೇ ತಿಳಿಸುತ್ತೇನೆ.

ಚೇತರಿಸಿಕೊಂಡ ಮೇಲೆ ತಯಾರಿಯನ್ನು ಬುಡದಿಂದ ಬದಲಿಸಿದೆ. ಮೊದಲ ಎಂಟು ವಾರ, ವಾರಕ್ಕೆ ನಾಲ್ಕು ದಿನ, ಕುಂದುವಾಡ ಕೆರೆಯ ದಾರಿಯಲ್ಲಿ ನಲವತ್ತೈದು ನಿಮಿಷ ನಿಧಾನದ ಓಟ. ನಾಡಿ ನಿಮಿಷಕ್ಕೆ 130ರಿಂದ 140ರೊಳಗೆ, ಪಕ್ಕದವನೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಬರುವ ವೇಗ. ವಾಕಿಂಗ್ ಬಂದ ಹಿರಿಯರು ನನ್ನನ್ನು ದಾಟಿಹೋದದ್ದೂ ಉಂಟು, ಪೈಲ್ವಾನನಿಗೆ ಅದಕ್ಕಿಂತ ಕಷ್ಟದ ಶಿಕ್ಷೆ ಬೇರೆ ಇಲ್ಲ. ವಾರಕ್ಕೆರಡು ದಿನ ಕಬ್ಬಿಣದ ಕೆಲಸ: ಐದೈದು ಸಲದ ಭಾರದ ಸ್ಕ್ವಾಟ್, ನಡುವೆ ಮೂರು ನಿಮಿಷ ಸುಮ್ಮನೆ ಕುಳಿತುಕೊಳ್ಳುವುದು. ಕುಳಿತದ್ದನ್ನು ನೋಡಿ ಉಸ್ತಾದರಿಗೆ ಸಿಟ್ಟು ಬರುತ್ತಿತ್ತು.

ಆಮೇಲಿನ ಆರು ವಾರ ಪಂದ್ಯದ ಲಯವನ್ನೇ ಅಭ್ಯಾಸಕ್ಕೆ ತಂದೆ. ಹತ್ತು ಸೆಕೆಂಡು ಪೂರ್ತಿ ಬಲದಿಂದ ಕಾಲಿಗೆ ನುಗ್ಗುವುದು ಅಥವಾ ಜೊತೆಗಾರನನ್ನು ಎತ್ತುವುದು, ಇಪ್ಪತ್ತು ಸೆಕೆಂಡು ಹಗುರವಾಗಿ ಕೈಯಾಡಿಸುವುದು. ಹೀಗೆ ಮೂರು ನಿಮಿಷ, ಮೂವತ್ತು ಸೆಕೆಂಡು ಬಿಡುವು, ಮತ್ತೆ ಮೂರು ನಿಮಿಷ. ಎರಡನೆಯ ಅವಧಿಯಲ್ಲಿ ಪ್ರತಿ ನಿಮಿಷಕ್ಕೆ ದಣಿಯದ ಹೊಸ ಹುಡುಗ ಎದುರಿಗೆ ಬರುತ್ತಿದ್ದ. ಇದನ್ನು ವಾರಕ್ಕೆ ಎರಡು ಸಲ ಮಾತ್ರ ಮಾಡಿದೆ. ಮೂರನೆಯ ಸಲ ಸೇರಿಸಿದ ವಾರಗಳಲ್ಲಿ ನುಗ್ಗಿನ ವೇಗವೇ ಕಡಿಮೆಯಾಗಿ, ದಣಿದ ಮೈಗೆ ನಿಧಾನವಾಗಿ ನುಗ್ಗುವುದನ್ನೇ ರೂಢಿ ಮಾಡಿಸಿದಂತಾಗುತ್ತಿತ್ತು.

ಇಷ್ಟಾದರೂ ಮುಂಗೈಯ ಸಮಸ್ಯೆ ಅರ್ಧವೇ ಬಗೆಹರಿದಿತ್ತು, ಏಕೆಂದರೆ ಅದರ ಕಾರಣವೇ ಬೇರೆ. ಬಿಗಿಯಾಗಿ ಹಿಡಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಹಿಂಡಿಕೊಳ್ಳುತ್ತದೆ. ಹಿಡಿತ ಬಿಗಿಯಾದಷ್ಟೂ ರಕ್ತದ ಹರಿವು ಕಡಿಮೆಯಾಗಿ, ಬಹಳ ಬಿಗಿಯಾದರೆ ನಿಂತೇಹೋಗುತ್ತದೆ. ಹೃದಯ ಎಷ್ಟೇ ಬಲವಾಗಿರಲಿ, ಮುಚ್ಚಿದ ಮುಷ್ಟಿಗೆ ಆಮ್ಲಜನಕ ತಲುಪುವುದಿಲ್ಲ. ಒಳಗೆ ಖರ್ಚಾದ ಇಂಧನದಿಂದ ಉಳಿದ ಫಾಸ್ಫೇಟ್ ಮತ್ತು ಆಮ್ಲೀಯತೆ ಏರುತ್ತವೆ, ಸಂಕೋಚನಕ್ಕೆ ಬೇಕಾದ ಕ್ಯಾಲ್ಸಿಯಂ ಬಿಡುಗಡೆ ಕುಂದುತ್ತದೆ, ಬೆರಳು ಹೇಳಿದ ಮಾತು ಕೇಳುವುದಿಲ್ಲ. ನನ್ನ ಪಂದ್ಯಗಳ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಕಂಡದ್ದು ಇಷ್ಟು: ಏನೂ ಮಾಡದೆ ಸುಮ್ಮನೆ ನಿಂತಾಗಲೂ ನಾನು ಎದುರಾಳಿಯ ಮಣಿಕಟ್ಟನ್ನು ಪೂರ್ತಿ ಬಲದಿಂದ ಹಿಸುಕುತ್ತಿದ್ದೆ. ಹೆದರಿಕೆಯ ಹಿಡಿತ ಅದು.

ಹಾಗಾಗಿ ಎರಡು ಕೆಲಸ ಮಾಡಿದೆ. ಒಂದು, ಹಗ್ಗ ಹತ್ತುವುದು, ಕಂಬಿಗೆ ಟವೆಲ್ ಹಾಕಿ ಜೋತಾಡುವುದು, ಗರಡಿಯ ಗದೆ ತಿರುಗಿಸುವುದು. ಈ ವಿಷಯದಲ್ಲಿ ಹಳೆಯ ಗರಡಿಯ ಸಾಮಿಗೆ ಹೊಸ ಜಿಮ್ ಸಮನಲ್ಲ. ಇನ್ನೊಂದು, ಹಿಡಿತವನ್ನು ಬಿಡಲು ಕಲಿತದ್ದು. ಕೈಯಾಡಿಸುವ ಹೊತ್ತಿನಲ್ಲಿ ಬೆರಳುಗಳನ್ನು ಕೊಕ್ಕೆಯಂತೆ ಮಾತ್ರ ಇಡುವುದು, ಎಳೆಯುವ ಕೆಲಸವನ್ನು ಮೊಣಕೈಗೂ ಬೆನ್ನಿಗೂ ಒಪ್ಪಿಸುವುದು, ನುಗ್ಗುವ ಕ್ಷಣದಲ್ಲಷ್ಟೇ ಮುಷ್ಟಿ ಬಿಗಿಯುವುದು, ಸೀಟಿ ಬಿದ್ದು ಆಟ ನಿಂತಾಗಲೆಲ್ಲ ಕೈ ಕೆಳಗೆ ಬಿಟ್ಟು ಕೊಡವುವುದು. ಉಸ್ತಾದರು ಇದನ್ನು ಕೇಳಿ ಮೊದಲ ಬಾರಿಗೆ ತಲೆಯಾಡಿಸಿದರು. "ಹಸುವಿನ ಮೊಲೆ ಹಿಡ್ದಂಗೆ ಹಿಡೀಬೇಕು ಅಂತ ನಮ್ಮಪ್ಪ ಅಂತಿದ್ದ. ನಿಮಗೆ ಹೇಳೋದು ಮರ್ತಿದ್ದೆ ನೋಡು" ಎಂದರು. ನಾನು ತಿಂಗಳುಗಟ್ಟಲೆ ವಿಡಿಯೊ ನೋಡಿ ಕಂಡುಕೊಂಡದ್ದು ಅವರ ಮನೆಯಲ್ಲಿ ಎರಡು ತಲೆಮಾರಿನಿಂದ ಇತ್ತು.

ತೂಕ ಇಳಿಸುವ ಬಗ್ಗೆ ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ಸೋತ ಆ ಪಂದ್ಯಕ್ಕೆ ಎರಡು ದಿನ ಮೊದಲು ನನ್ನ ತೂಕ 68.5 ಕಿಲೋ ಇತ್ತು. ಏಪ್ರಿಲ್ ಬಿಸಿಲಿನಲ್ಲಿ ರೇನ್‌ಕೋಟ್ ಹಾಕಿಕೊಂಡು ಓಡಿ, ನೀರು ಬಿಟ್ಟು, 65ಕ್ಕೆ ತಂದಿದ್ದೆ. ಬೆವರಿನಲ್ಲಿ ಹೋಗುವುದು ಕೊಬ್ಬಲ್ಲ, ರಕ್ತದ ನೀರೂ ಅದರಲ್ಲಿ ಸೇರಿದೆ. ರಕ್ತದ ಪ್ರಮಾಣ ಇಳಿದರೆ ಹೃದಯ ಅದೇ ಕೆಲಸಕ್ಕೆ ಹೆಚ್ಚು ಬಾರಿ ಬಡಿಯಬೇಕು, ಮೈಯ ಬಿಸಿ ಹೊರಗೆ ಹೋಗುವುದಿಲ್ಲ, ಸ್ನಾಯು ಬೇಗ ಸೋಲುತ್ತದೆ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಸತ್ತ ಬಳಿಕ, ಅಲ್ಲಿನ ಕಾಲೇಜು ಕ್ರೀಡೆಯಲ್ಲಿ ರಬ್ಬರ್ ಸೂಟ್ ಮತ್ತು ಸೌನಾ ಎಂಬ ಬೆವರಿಳಿಸುವ ಬಿಸಿ ಕೋಣೆಗಳನ್ನು ನಿಷೇಧಿಸಿದರು. 2018ರಿಂದ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಒಂದೊಂದು ತೂಕ ವಿಭಾಗದ ಪಂದ್ಯಗಳು ಎರಡು ದಿನ ನಡೆಯುತ್ತವೆ, ಎರಡೂ ದಿನ ಬೆಳಿಗ್ಗೆ ತೂಕ ನೋಡುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಎರಡನೆಯ ದಿನ ಹೆಚ್ಚಾದ ನೂರು ಗ್ರಾಮಿನಿಂದ ಫೈನಲ್ ಕಳೆದುಕೊಂಡದ್ದನ್ನು ನಾವೆಲ್ಲ ಕಂಡಿದ್ದೇವೆ. ಒಮ್ಮೆ ಹಿಂಡಿದ ಮೈಯನ್ನು ಮರುದಿನ ಮತ್ತೆ ಹಿಂಡುವುದು ಆಗದ ಮಾತು. ಈಗ ಆರು ವಾರ ಮೊದಲೇ ಶುರುಮಾಡಿ ವಾರಕ್ಕೆ ಅರ್ಧ ಕಿಲೋದಂತೆ ಇಳಿಸುತ್ತೇನೆ. ಮೊಟ್ಟೆ, ಹಾಲು, ಹುರುಳಿಕಾಳು ಹಾಗೆಯೇ ಇರುತ್ತವೆ. ಬೆಣ್ಣೆ ದೋಸೆಯೂ ಮಿರ್ಚಿಯೂ ಹೋಗುತ್ತವೆ, ದಾವಣಗೆರೆಯವನಿಗೆ ಅದು ಸಣ್ಣ ತ್ಯಾಗವಲ್ಲ. ತೂಕ ಕೊಟ್ಟ ತಕ್ಷಣ ಓಆರ್‌ಎಸ್, ಬಾಳೆಹಣ್ಣು, ಬೆಲ್ಲ ಉಪ್ಪು ಹಾಕಿದ ತೆಳು ರಾಗಿ ಗಂಜಿ. ಎಣ್ಣೆಯ ತಿಂಡಿ ಪಂದ್ಯಗಳೆಲ್ಲ ಮುಗಿದ ಮೇಲೆ.

ಒಂದೇ ದಿನ ಮೂರು ನಾಲ್ಕು ಪಂದ್ಯ ಬಂದಾಗ ನಡುವೆ ಮಲಗುವುದಿಲ್ಲ. ಹತ್ತು ನಿಮಿಷ ನಡೆದಾಡಿ, ಬಳಿಕ ಕಾಲು ಚಾಚಿ ಕೂರುತ್ತೇನೆ, ಒಂದು ಹಿಡಿ ಮಂಡಕ್ಕಿ ಬಾಯಾಡಿಸುತ್ತೇನೆ. ಸ್ಪರ್ಧೆಗೆ ಹತ್ತು ದಿನ ಇರುವಾಗ ಅಭ್ಯಾಸದ ಪ್ರಮಾಣವನ್ನು ಅರ್ಧಕ್ಕಿಳಿಸಿ, ನುಗ್ಗಿನ ಬಿರುಸನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುತ್ತೇನೆ.

ಇದೆಲ್ಲಕ್ಕೂ ಆಧಾರ ಇನ್ನೂರು ಪುಟದ ಒಂದು ನೋಟ್‌ಬುಕ್. ಬೆಳಿಗ್ಗೆ ಏಳುವ ಮೊದಲು, ಮಲಗಿದಲ್ಲೇ ಮಣಿಕಟ್ಟಿನ ನಾಡಿ ಎಣಿಸಿ ಬರೆಯುತ್ತೇನೆ. ನನಗೆ ಸಾಮಾನ್ಯವಾಗಿ 54 ಇರುತ್ತದೆ. ಎರಡು ದಿನ ಸತತವಾಗಿ 62 ದಾಟಿದರೆ, ಮೈ ಏನೇ ಹೇಳಲಿ, ಆ ದಿನ ಕೆರೆಯ ನಡಿಗೆ ಮಾತ್ರ. ಹೊಸ ತಯಾರಿಯ ಮೊದಲ ಸ್ಪರ್ಧೆಯ ಸೆಮಿಫೈನಲ್‌ನಲ್ಲಿ ನಾನು 3–5ರಿಂದ ಸೋತೆ. ಆ ಹುಡುಗನ ಪಟ್ಟು ನನ್ನದಕ್ಕಿಂತ ಚೆನ್ನಾಗಿತ್ತು, ಕೈಗಳು ಕೊನೆಯ ಸೀಟಿಯವರೆಗೂ ನನ್ನ ಮಾತು ಕೇಳಿದ್ದವು. ಉಸ್ತಾದರು ಈಗಲೂ ಬಸ್ಕಿ ಮಾಡಿಸುತ್ತಾರೆ. ಆದರೆ ಐನೂರು, ಸಾವಿರ ಎಂಬ ಗುರಿ ಹೇಳುವುದನ್ನು ಬಿಟ್ಟಿದ್ದಾರೆ. ಅಖಾಡದ ಅಂಚಿನಲ್ಲಿ ಕಣ್ಣು ಮುಚ್ಚಿ ಕುಳಿತು, ಹುಡುಗನ ಹೆಜ್ಜೆಯ ಸದ್ದಿನ ಲಯ ತಪ್ಪಿದ ಕೂಡಲೇ "ಸಾಕು, ಏಳೋ" ಎನ್ನುತ್ತಾರೆ.