ಮನೆಯಲ್ಲೇ ಪ್ರೀಆಂಪ್ ಕಟ್ಟೋದು: ಐಸಿ ಚಿಂತೆ ಆಮೇಲೆ

ಪ್ರೀಆಂಪ್ ಅಂದರೆ ಸಿಡಿ ಪ್ಲೇಯರಿಗೂ ಪವರ್ ಆಂಪ್‌ಗೂ (ಸ್ಪೀಕರ್ ಓಡಿಸೋ ಆಂಪ್ಲಿಫೈಯರ್) ಮಧ್ಯೆ ಕೂತು ವಾಲ್ಯೂಮ್ ನೋಡಿಕೊಳ್ಳೋ ಡಬ್ಬಿ. ಅದನ್ನ ಕಟ್ಟಬೇಕು ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ, ಯಾವ ಐಸಿ ಹಾಕಲಿ ಅಂತ. ಎನ್‌ಇ5532 ಹಾಕಿ, ಸಾಕು. 1970ರ ದಶಕದ ಕೊನೆಯ ಡಿಸೈನ್, ಒಂದೇ ಐಸಿಯಲ್ಲಿ ಎಡ ಬಲ ಎರಡೂ ಚಾನೆಲ್ ಆಗುತ್ತೆ, ನಾಯ್ಸ್ ತುಂಬಾ ಕಡಿಮೆ, ಬೆಲೆಯೂ ಕಡಿಮೆ. ಸಾವಿರಾರು ರೂಪಾಯಿಯ ಆಪ್ ಆಂಪ್ (ಇದೇ ಜಾತಿಯ ಐಸಿ) ತಂದು ಕೆಟ್ಟ ಪವರ್ ಸಪ್ಲೈ ಮೇಲೆ ಕೂರಿಸಿದರೆ ಗುಂಯ್ ಅನ್ನೋ ಸದ್ದೂ ಹೈ-ಫೈ ಆಗಿ ಕೇಳುತ್ತೆ, ಅಷ್ಟೇ.

ಹಾಗಾಗಿ ಸಪ್ಲೈಯಿಂದ ಶುರು ಮಾಡಿ. 15-0-15 ಟ್ರಾನ್ಸ್‌ಫಾರ್ಮರ್, 500 ಮಿಲಿಆಂಪ್ ಧಾರಾಳ. ನಾಲ್ಕು 1ಎನ್4007 ಡಯೋಡ್, ಎರಡು 2200 ಮೈಕ್ರೊಫ್ಯಾರಡ್ ಕೆಪಾಸಿಟರ್, ಆಮೇಲೆ ವೋಲ್ಟೇಜನ್ನ ಪ್ಲಸ್ 15, ಮೈನಸ್ 15ರಲ್ಲಿ ನಿಲ್ಲಿಸೋ ರೆಗ್ಯುಲೇಟರ್‌ಗಳಾದ 7815 ಮತ್ತು 7915. ಕೆಪಾಸಿಟರ್ 35 ವೋಲ್ಟಿನದೇ ತನ್ನಿ. ಲೆಕ್ಕಕ್ಕೆ 20 ವೋಲ್ಟ್ ಬಂದರೂ ಲೋಡ್ ಇಲ್ಲದಾಗ ಚಿಕ್ಕ ಟ್ರಾನ್ಸ್‌ಫಾರ್ಮರ್ ಜಾಸ್ತಿನೇ ಕೊಡುತ್ತೆ. ಇಲ್ಲಿ ಜನ ಎಡವೋದು 7915ರಲ್ಲಿ. 7815ರ ಕಾಲುಗಳು ಇನ್‌ಪುಟ್, ಗ್ರೌಂಡ್, ಔಟ್‌ಪುಟ್ ಅಂತ ಇದ್ದರೆ 7915ರದ್ದು ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಅದರ ಲೋಹದ ಬೆನ್ನೂ ಗ್ರೌಂಡ್ ಅಲ್ಲ, ಇನ್‌ಪುಟ್. ಡಬ್ಬಿಗೆ ತಾಗಿದರೆ ಮುಗೀತು. ಇಷ್ಟು ಕಡಿಮೆ ಕರೆಂಟಿಗೆ ಹೀಟ್‌ಸಿಂಕ್ ಬೇಡ, ಸುಮ್ನೆ ಬೋರ್ಡ್ ಮೇಲೆ ನಿಲ್ಲಿಸಿ.

ಸರ್ಕ್ಯೂಟ್ ಚಿಕ್ಕದು. ಇನ್‌ಪುಟ್ ಆರಿಸೋ ಸೆಲೆಕ್ಟರ್ ಸ್ವಿಚ್‌ನಿಂದ 10ಕೆ (ಕೆ ಅಂದರೆ ಸಾವಿರ ಓಮ್) ಸ್ಟೀರಿಯೊ ವಾಲ್ಯೂಮ್ ಕಂಟ್ರೋಲ್‌ಗೆ, ಅದರ ನಡುಕಾಲಿನಿಂದ 1 ಮೈಕ್ರೊಫ್ಯಾರಡ್ ಪಾಲಿಯೆಸ್ಟರ್ ಕೆಪಾಸಿಟರ್ ಮೂಲಕ ಐಸಿಯ 3ನೇ ಪಿನ್‌ಗೆ. ಆ ಪಿನ್‌ನಿಂದ ಗ್ರೌಂಡ್‌ಗೆ 47ಕೆ. ಪಿನ್ 1ರಿಂದ 2ಕ್ಕೆ 2.2ಕೆ, 2ರಿಂದ ಗ್ರೌಂಡ್‌ಗೆ ಇನ್ನೊಂದು 2.2ಕೆ. ಅಂದರೆ ಗೇನ್, ಸಿಗ್ನಲ್ ದೊಡ್ಡದಾಗೋ ಪ್ರಮಾಣ, ಎರಡು ಪಟ್ಟು. ಪಿನ್ 1ರಿಂದಲೇ 22 ಮೈಕ್ರೊಫ್ಯಾರಡ್ ಬೈಪೋಲಾರ್ ಕೆಪಾಸಿಟರ್, 100 ಓಮ್, ಆಮೇಲೆ ಔಟ್‌ಪುಟ್ ಸಾಕೆಟ್. ಸಾಕೆಟ್ಟಿನಿಂದ ಗ್ರೌಂಡ್‌ಗೆ 100ಕೆ ಹಾಕಿ. ಬಲ ಚಾನೆಲ್‌ಗೂ ಇದೇ, 5, 6, 7ನೇ ಪಿನ್‌ಗಳಲ್ಲಿ. ಸಪ್ಲೈ ಪ್ಲಸ್ 8ಕ್ಕೆ, ಮೈನಸ್ 4ಕ್ಕೆ, ಎರಡರಿಂದಲೂ ಗ್ರೌಂಡ್‌ಗೆ ಒಂದೊಂದು 104 ಡಿಸ್ಕ್ (0.1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್), ಐಸಿಗೆ ಅಂಟಿದಷ್ಟು ಹತ್ತಿರ. ಗೇನ್ ಇನ್ನೂ ಬೇಕು ಅನ್ನಿಸಬಹುದು, ಆದರೆ ಸಿಡಿ ಪ್ಲೇಯರ್ ತಾನೇ 2 ವೋಲ್ಟ್ ಕೊಡುತ್ತೆ, ಬಹಳಷ್ಟು ಪವರ್ ಆಂಪ್‌ಗಳಿಗೆ ಅದರ ಅರ್ಧ ಸಿಕ್ಕರೂ ಸಾಕು.

ಬೆಂಗಳೂರಲ್ಲಿದ್ದರೆ ಸಾಮಾನಿಗೆ ಎಸ್‌ಪಿ ರಸ್ತೆಗೆ ಹೋಗಿ, ಮಲ್ಟಿಮೀಟರ್ ಜೇಬಲ್ಲಿರಲಿ. ವಾಲ್ಯೂಮ್ ಕಂಟ್ರೋಲ್ ಅಂಗಡಿಯಲ್ಲೇ ಅಳೆದು ನೋಡಿ, ಕಿವಿಗೆ ಹೊಂದೋ ಲಾಗ್ ಜಾತಿಯದೇ ಬೇಕು. ಮಧ್ಯಕ್ಕೆ ತಿರುಗಿಸಿದಾಗ ಗ್ರೌಂಡ್ ಕಾಲಿನಿಂದ ನಡುಕಾಲಿಗೆ 5ಕೆ ತೋರಿಸಿದರೆ ಅದು ಲೀನಿಯರ್, ವಾಪಸ್ ಕೊಡಿ. ಲಾಗ್ ಆದರೆ ಒಂದು, ಒಂದೂವರೆ ಕೆ ಆಸುಪಾಸು ಇರುತ್ತೆ. ಆಮೇಲೆ ಸ್ವಲ್ಪವೇ ತಿರುಗಿಸಿಟ್ಟು ಎರಡೂ ಚಾನೆಲ್ ಹೋಲಿಸಿ, ಯಾಕಂದ್ರೆ ರಾತ್ರಿ ಮೆಲ್ಲಗೆ ಹಾಡು ಹಾಕಿದಾಗ ಒಂದು ಕಡೆ ಮಾತ್ರ ಜೋರಾಗಿ ಕೇಳೋದು ಅಗ್ಗದ ಕಂಟ್ರೋಲ್‌ಗಳ ಹಳೇ ರೋಗ.

ನಕಲಿ 5532 ಕೂಡ ಸಿಗುತ್ತೆ, ಸಾದಾ 4558 ಅನ್ನೋ ಐಸಿ ಮೇಲೆ ಹೆಸರು ಬದಲಿಸಿರುತ್ತಾರೆ. ಪ್ಲಸ್ ಸಪ್ಲೈ ಲೈನಲ್ಲಿ 100 ಓಮ್ ಸೇರಿಸಿ ಅದರ ಎರಡು ತುದಿಗಳ ನಡುವೆ ವೋಲ್ಟೇಜ್ ನೋಡಿ. ಅಸಲಿ ಐಸಿ ಸುಮಾರು 8 ಮಿಲಿಆಂಪ್ ಎಳೆಯುತ್ತೆ, ಮೀಟರ್ 0.8 ವೋಲ್ಟ್ ಹತ್ತಿರ ತೋರಿಸಬೇಕು. ಅದರ ಅರ್ಧಕ್ಕಿಂತ ಕಡಿಮೆ ಬಂದರೆ ಅನುಮಾನ ಪಡಿ.

ಡಬ್ಬಿ ಲೋಹದ್ದಿರಲಿ. ಇದು 230 ವೋಲ್ಟ್ ವಿಷಯ: ಮೂರು ಪಿನ್ ಪ್ಲಗ್, ಒಳಗೆ ಫ್ಯೂಸ್, ಅರ್ತ್ ವೈರ್ ಡಬ್ಬಿಗೆ ಬೋಲ್ಟ್ ಹಾಕಿ ಬಿಗಿ. ಟ್ರಾನ್ಸ್‌ಫಾರ್ಮರ್ ಒಂದು ಮೂಲೆ, ಇನ್‌ಪುಟ್ ಸಾಕೆಟ್ ಇನ್ನೊಂದು ಮೂಲೆ. ಆರ್‌ಸಿಎ ಸಾಕೆಟ್‌ಗಳು ಡಬ್ಬಿಗೆ ತಾಗಬಾರದು. ಗ್ರೌಂಡ್ ವೈರುಗಳೆಲ್ಲ ಒಂದೇ ಜಾಗಕ್ಕೆ ಬರಲಿ, ಅಲ್ಲಿಂದ ಡಬ್ಬಿಗೆ ಒಂದೇ ಒಂದು ಕನೆಕ್ಷನ್.

ಮೊದಲ ಸಲ ಆನ್ ಮಾಡುವಾಗ ಐಸಿ ಸಾಕೆಟ್ ಖಾಲಿ ಇರಲಿ, ಸೀರೀಸ್ ಲ್ಯಾಂಪ್ ಹಾಕಿ, ಅಂದರೆ ಮೇನ್ಸ್ ಕರೆಂಟ್ ಒಂದು ಬಲ್ಬ್ ಮೂಲಕವೇ ಹಾದು ಬರಲಿ. ಹಳೇ 40 ವ್ಯಾಟ್ ಫಿಲಮೆಂಟ್ ಬಲ್ಬೇ ಬೇಕು, ಎಲ್‌ಇಡಿ ನಡೆಯಲ್ಲ. ಮಿಂಚಿ ಆರಿದರೆ ಸರಿ, ಉರೀತಾನೇ ಇದ್ದರೆ ಎಲ್ಲೋ ಶಾರ್ಟ್ ಇದೆ. 8ರಲ್ಲಿ ಪ್ಲಸ್ 15, 4ರಲ್ಲಿ ಮೈನಸ್ 15 ಬಂದ ಮೇಲೆ ಆಫ್ ಮಾಡಿ ಐಸಿ ಕೂರಿಸಿ. ಮತ್ತೆ ಆನ್ ಮಾಡಿದಾಗ 1 ಮತ್ತು 7ರಲ್ಲಿ ಕೆಲವೇ ಹತ್ತು ಮಿಲಿವೋಲ್ಟ್ ಡಿಸಿ ಇರಬೇಕು. ಹತ್ತು ಹನ್ನೆರಡು ವೋಲ್ಟ್ ಕಂಡರೆ ಫೀಡ್‌ಬ್ಯಾಕ್ ರೆಸಿಸ್ಟರಿನ (1ರಿಂದ 2ಕ್ಕೆ, 7ರಿಂದ 6ಕ್ಕೆ ಹಾಕಿದ 2.2ಕೆ) ಸೋಲ್ಡರ್ ನೋಡಿ.

ಹಮ್ ಬಂದರೆ ಕಿವಿಗೊಟ್ಟು ಕೇಳಿ. ದಪ್ಪ, ಮೃದು ಗುಂಯ್ ಆದರೆ 50 ಹರ್ಟ್ಜ್, ಗ್ರೌಂಡ್ ಲೂಪೋ (ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಸುತ್ತಾಗೋದು) ಟ್ರಾನ್ಸ್‌ಫಾರ್ಮರ್ ಹತ್ತಿರವಿರೋದೋ ಕಾರಣ. ಗರಗರ ಅಂತ ಒರಟಾಗಿದ್ದರೆ 100 ಹರ್ಟ್ಜ್, ಸಪ್ಲೈ ಕೆಪಾಸಿಟರಿನ ಗ್ರೌಂಡ್ ವೈರ್ ಸಿಗ್ನಲ್ ಗ್ರೌಂಡ್ ಜತೆ ಬೆರೆತಿದೆ. ಲೂಪ್ ಆಗಿದ್ದರೆ ಸಿಗ್ನಲ್ ಗ್ರೌಂಡ್‌ಗೂ ಡಬ್ಬಿಗೂ ಮಧ್ಯೆ 10 ಓಮ್ ಹಾಕಿ ನೋಡಿ. ಮೇನ್ಸ್ ಅರ್ತ್ ಕಿತ್ತರೆ ಹಮ್ ಹೋಗುತ್ತೆ ಅಂತ ಹೇಳಿಕೊಡೋರು ಇರ್ತಾರೆ, ಕೇಳಬೇಡಿ. ದಿನಾ ಬಳಸುವಾಗ ಪ್ರೀಆಂಪ್ ಮೊದಲು ಆನ್, ಪವರ್ ಆಂಪ್ ಆಮೇಲೆ. ಆಫ್ ಮಾಡುವಾಗ ಉಲ್ಟಾ, ಇಲ್ಲಾಂದ್ರೆ ಸ್ಪೀಕರ್ ಪ್ರತಿ ಸಲ ಧಡ್ ಅನ್ನುತ್ತೆ.