ಮೀನಿಗೊಂದು, ಮಳೆಗೊಂದು: ಪೇಟೆಗೆ ಹೊರಡುವಾಗ ಚೀಲ ಆರಿಸುವುದು ಹೇಗೆ?

ಕಾರವಾರದ ರವಿವಾರದ ಸಂತೆ ಮುಗಿಸಿ ಬಂದು ಒಮ್ಮೆ ಎಣಿಸಿದ್ದೆ. ಬಸಳೆಗೆ ಒಂದು ಕೊಟ್ಟೆ, ಹಸಿಮೆಣಸಿಗೆ ಒಂದು, ಹೂವಿಗೆ ಒಂದು, ತಾರ್ಲೆ ಮೀನಿಗೆ ಒಂದರ ಒಳಗೆ ಇನ್ನೊಂದು. ಉಳಿದದ್ದೂ ಸೇರಿ ಒಟ್ಟು ಒಂಬತ್ತು. ಅರ್ಧ ಗಂಟೆಯ ದಾರಿಗೆ ಒಂಬತ್ತು ಕೊಟ್ಟೆ!

ನಮ್ಮ ಕಡೆ ಪ್ಲಾಸ್ಟಿಕ್ ಚೀಲಕ್ಕೆ ಕೊಟ್ಟೆ ಅಂತಲೇ ಹೇಳುತ್ತೇವೆ. ಹಲಸಿನ ಎಲೆ ಚುಚ್ಚಿ ಕಟ್ಟಿ, ಹಿಟ್ಟು ಹೊಯ್ದು ಕೊಟ್ಟೆರೊಟ್ಟಿ ಬೇಯಿಸುತ್ತೇವಲ್ಲ, ಆ ಕೊಟ್ಟೆಯೇ ಇದು. ಎಲೆಯ ಕೊಟ್ಟೆಯನ್ನು ಹಿತ್ತಲಿಗೆ ಎಸೆದರೆ ಒಂದು ಮಳೆಗಾಲದಲ್ಲಿ ಮಣ್ಣಾಗುತ್ತಿತ್ತು. ಈಗಿನದ್ದು ಆಗುವುದಿಲ್ಲ.

ಹಾಗಾದರೆ ಕಾಗದದ ಚೀಲ ಒಳ್ಳೆಯದಾ? ಬಟ್ಟೆಯದ್ದಾ? ಉತ್ತರ ಅಷ್ಟು ಸುಲಭ ಇಲ್ಲ. ನಾನು ಹೇಗೆ ಆರಿಸುತ್ತೇನೆ ಅಂತ ಹೇಳುತ್ತೇನೆ.

1. ಮೊದಲು ಮನೆಯಲ್ಲಿರುವ ಚೀಲ ಹೊರಗೆ ತೆಗೆಯಿರಿ

ಹೊಸ ಬಟ್ಟೆ ಚೀಲ ಕೊಳ್ಳಲು ಹೋಗಬೇಡಿ. ಬಾಗಿಲ ಹಿಂದೆ, ಅಟ್ಟದ ಮೇಲೆ, ಕಪಾಟಿನ ಮೂಲೆಯಲ್ಲಿ ಇರುವುದನ್ನೆಲ್ಲ ಒಂದೆಡೆ ರಾಶಿ ಹಾಕಿ. ಮದುವೆಯಲ್ಲಿ ತೆಂಗಿನಕಾಯಿ ಹಾಕಿ ಕೊಟ್ಟದ್ದು, ಜವಳಿ ಅಂಗಡಿಯದ್ದು, ಅಕ್ಕಿ ಚೀಲದಲ್ಲಿ ಹೊಲಿದದ್ದು, ವೈರಿನ ಬುಟ್ಟಿ. ಹೆಚ್ಚಿನ ಮನೆಗಳಲ್ಲಿ ಇಷ್ಟೇ ಸಾಕಾಗುತ್ತದೆ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಇಂಗ್ಲೆಂಡಿನ ಸರ್ಕಾರಿ ಪರಿಸರ ಸಂಸ್ಥೆ 2011ರಲ್ಲಿ ಒಂದು ಲೆಕ್ಕ ಕೊಟ್ಟಿತು. ತೆಳು ಪ್ಲಾಸ್ಟಿಕ್ ಚೀಲವನ್ನು ಒಂದೇ ಸಲ ಬಳಸಿ ಎಸೆದರೆ ಭೂಮಿ ಬಿಸಿಯಾಗುವುದಕ್ಕೆ ಅದರ ಪಾಲು ಎಷ್ಟೋ, ಅದಕ್ಕೆ ಸರಿಸಮ ಆಗಬೇಕಾದರೆ ಕಾಗದದ ಚೀಲವನ್ನು 3 ಸಲ ಬಳಸಬೇಕು. ಬಟ್ಟೆಯಂತೆ ಕಾಣುವ ಪ್ಲಾಸ್ಟಿಕ್ಕಿನ ನಾನ್ ವೋವನ್ ಚೀಲವನ್ನು 11 ಸಲ. ಹೊಸ ಹತ್ತಿ ಚೀಲವನ್ನು 131 ಸಲ! ಹತ್ತಿ ಬೆಳೆಯಲು ನೀರು, ಗೊಬ್ಬರ ಬೇಕು. ನೂಲುವುದಕ್ಕೆ, ನೇಯುವುದಕ್ಕೆ ಕರೆಂಟು ಬೇಕು. ವಾರಕ್ಕೆ ಎರಡು ಸಲ ಒಯ್ದರೂ ಆ 131 ಮುಗಿಯಲು ಒಂದೂಕಾಲು ವರ್ಷ ಹಿಡಿಯುತ್ತದೆ. ಗಟ್ಟಿ ಚೀಲ ಐದಾರು ವರ್ಷ ಬರುತ್ತದೆ, ಅದಕ್ಕೆ ಇದು ಕಷ್ಟವೇನಲ್ಲ. ಆದರೆ ಪ್ರತಿ ಸಮಾರಂಭಕ್ಕೂ ಒಂದೊಂದು ಹೊಸ ಬಟ್ಟೆ ಚೀಲ ಮನೆಗೆ ಬಂದು ಸುಮ್ನೆ ಕಪಾಟು ಸೇರಿದರೆ ಪ್ರಯೋಜನ ಇಲ್ಲ. ಹಳೆ ಸೀರೆ, ಹಳೆ ಪ್ಯಾಂಟಿನಿಂದ ಹೊಲಿದ ಚೀಲಕ್ಕೆ ಹೊಸದಾಗಿ ಹತ್ತಿ ಬೆಳೆಯಬೇಕಾಗಿಯೂ ಇಲ್ಲ.

ಆ ಲೆಕ್ಕದಲ್ಲಿ ಸಮುದ್ರ ಸೇರುವ ಪ್ಲಾಸ್ಟಿಕ್ಕಿನ ಹಾನಿ ಬರುವುದಿಲ್ಲ. ನಮಗೆ ಅದೇ ದೊಡ್ಡದು. ಶಿರಸಿಯ ಶಂಕರಹೊಂಡದಲ್ಲಿ ಅಘನಾಶಿನಿ ನದಿಯ ಒಂದು ಮೂಲ ಇದೆ. ಶಿರಸಿ ಪೇಟೆಯ ಗಟಾರದಲ್ಲಿ ಬಿದ್ದ ಕೊಟ್ಟೆ ಮಳೆನೀರಿನ ಜೊತೆ ಘಟ್ಟ ಇಳಿದರೆ ಕುಮಟಾ ತಾಲೂಕಿನ ಅಳಿವೆಗೇ ಬಂದು ಸೇರಬೇಕು. ಜನ ಬಳಚು (ಚಿಪ್ಪಿನ ಜೀವಿ) ಹೆಕ್ಕಿ ಹೊಟ್ಟೆ ಹೊರೆಯುವ ಜಾಗ ಅದು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ 2024ರಲ್ಲಿ ಸೇರಿದೆ. ಅಲ್ಲಿಂದ ಮುಂದೆ ಕಡಲು. ನೀರಿನಲ್ಲಿ ತೇಲುವ ಕೊಟ್ಟೆ ಕಡಲಾಮೆಯ ಕಣ್ಣಿಗೆ ಅಂಬಲಿ ಮೀನಿನ (ಜೆಲ್ಲಿಫಿಶ್) ಹಾಗೆ ಕಾಣುತ್ತದೆ. ತಿನ್ನುತ್ತದೆ, ಕರುಳು ಕಟ್ಟಿ ಸಾಯುತ್ತದೆ. ಹೊನ್ನಾವರದ ಟೊಂಕದಲ್ಲಿ, ಕಾರವಾರದ ದೇವಬಾಗದಲ್ಲಿ ಮೊಟ್ಟೆ ಇಡಲು ಬರುವುದು ಇದೇ ಆಮೆ.

2. ಬಟ್ಟೆಯೋ ಪ್ಲಾಸ್ಟಿಕ್ಕೋ, ಪರೀಕ್ಷೆ ಮಾಡಿ

ಬಟ್ಟೆಯ ಹಾಗೆ ಕಾಣುವ, ಮುಟ್ಟಿದರೆ ಸಣ್ಣ ಸಣ್ಣ ಚುಕ್ಕಿ ಒತ್ತಿದಂತಿರುವ ಬಣ್ಣದ ಚೀಲ ಇದೆಯಲ್ಲ, ಅದು ನಾನ್ ವೋವನ್. ಬಟ್ಟೆ ಅಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಅಂಚಿನಿಂದ ಒಂದು ಚೂರು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಅಂಗಳದಲ್ಲಿ ಕಡ್ಡಿ ಗೀರಿ ನೋಡಿ. ಹತ್ತಿಯಾದರೆ ಕಾಗದದಂತೆ ಉರಿದು ಮೆತ್ತನೆ ಬೂದಿಯಾಗುತ್ತದೆ. ಪ್ಲಾಸ್ಟಿಕ್ ಆದರೆ ಮುದುಡಿ, ಕರಗಿ, ಗಟ್ಟಿ ಮಣಿಯಾಗುತ್ತದೆ. ನಾನ್ ವೋವನ್ ಇದ್ದರೆ ಎಸೆಯಬೇಡಿ, ಹರಿಯುವ ತನಕ ಬಳಸಿ. ಬಿಸಿಲಿಗೆ ಮಾತ್ರ ಇಡಬೇಡಿ. ನನ್ನದೊಂದು ಚೀಲ ಬೇಸಿಗೆ ಇಡೀ ತಂತಿಯ ಮೇಲೆ ಉಳಿದಿತ್ತು. ಮುಟ್ಟಿದರೆ ಹಪ್ಪಳದಂತೆ ಪುಡಿಯಾಯಿತು. ಆ ಪುಡಿಯೆಲ್ಲ ಅಂಗಳದ ಮಣ್ಣಿನಲ್ಲೇ ಇದೆ, ಹೆಕ್ಕುವುದಕ್ಕೂ ಆಗಲಿಲ್ಲ.

ಬಯೋಡಿಗ್ರೇಡಬಲ್ ಎಂದು ಬರೆದದ್ದನ್ನೂ ನಂಬಿ ಬಿಸಾಡಬೇಡಿ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಅಂಥ ಚೀಲವನ್ನು ಮಣ್ಣಿನಲ್ಲೂ ಸಮುದ್ರದಲ್ಲೂ 3 ವರ್ಷ ಇಟ್ಟು ನೋಡಿದರು. ಆಮೇಲೂ ಅದರಲ್ಲಿ ಸಾಮಾನು ತುಂಬಿ ಒಯ್ಯಬಹುದಿತ್ತು. 2019ರಲ್ಲಿ ಪ್ರಕಟವಾದ ಅಧ್ಯಯನ ಇದು.

‘ಇದು ದಪ್ಪದ್ದು, ನಡೆಯುತ್ತದೆ’ ಎನ್ನುವ ಅಂಗಡಿಯವರೂ ಇದ್ದಾರೆ. ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲೇ, ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲ ನಿಷೇಧ ಆಗಿದೆ.

3. ಕಾಗದ ಒಣ ಸಾಮಾನಿಗೆ ಮಾತ್ರ

ಕಡಲೆ, ಅವಲಕ್ಕಿ, ಸೋಪು, ಔಷಧಿ ಇವಕ್ಕೆ ಕಾಗದ ಚೆನ್ನ. ನಮ್ಮ ಮಳೆಗಾಲಕ್ಕೆ ಅದು ತಡೆಯುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಊರು ನಮ್ಮದು. ಬಸ್‌ಸ್ಟ್ಯಾಂಡಿನಲ್ಲಿ ತಳ ಕಳಚಿ ಈರುಳ್ಳಿಯೆಲ್ಲ ಉರುಳಿದ ಮೇಲೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಕಾಗದದ ಚೀಲ ಒಯ್ಯುವುದಿಲ್ಲ. ಇನ್ನೊಂದು: ಭಜೆ, ಬನ್ಸ್ ಕಟ್ಟಲು ಪತ್ರಿಕೆ ಬೇಡ. ಶಾಯಿ ಎಣ್ಣೆಗೆ ಇಳಿಯುತ್ತದೆ. 2018ರ ಆಹಾರ ಪ್ಯಾಕಿಂಗ್ ನಿಯಮದಲ್ಲೂ ಇದಕ್ಕೆ ನಿಷೇಧ ಇದೆ.

4. ಮೀನಿಗೆ ಡಬ್ಬಿ

ಕರಾವಳಿಯಲ್ಲಿ ಕೊಟ್ಟೆ ಬಿಡಲಾಗದ್ದು ಮೀನಿನಿಂದ. ತರಕಾರಿಯನ್ನು ಹೇಗಾದರೂ ತರಬಹುದು. ಬಂಗಡೆಯ ನೀರು, ಶೆಟ್ಲಿಯ (ಸಿಗಡಿ) ವಾಸನೆ ಬಟ್ಟೆ ಚೀಲಕ್ಕೆ ಹತ್ತಿದರೆ ಮತ್ತೆ ಹೋಗುವುದಿಲ್ಲ. ಬೇರೆಲ್ಲ ಬಿಟ್ಟವರೂ ಮೀನಿಗೆ ಮಾತ್ರ ಕೊಟ್ಟೆ ಕೇಳುತ್ತಾರೆ. ಮತ್ತೆ ಆ ಕೊಟ್ಟೆಯನ್ನು ತೊಳೆದು ಬಳಸುವವರು ಯಾರೂ ಇಲ್ಲ. ವಾಸನೆಗೆ ನಾಯಿ, ಬೆಕ್ಕು, ದನ ಎಳೆದಾಡುತ್ತವೆ.

ನಾನು ಒಯ್ಯುವುದು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿ. ಒಂದು ಕಿಲೋ ಬಂಗಡೆ ಹಿಡಿಯುವಷ್ಟು ದೊಡ್ಡದು ಇರಲಿ, ಸಣ್ಣದಾದರೆ ಬಾಲ ಹೊರಗೆ ಉಳಿದು ಮುಚ್ಚಳ ಕೂರುವುದಿಲ್ಲ. ಮೊದಲ ದಿನ ಡಬ್ಬಿ ಮುಂದೆ ಹಿಡಿದು, ‘ಅಕ್ಕಾ, ಇದ್ರಲ್ಲೇ ಹಾಕು’ ಅಂದೆ. ಮೀನು ಮಾರುವಾಕೆ ಡಬ್ಬಿ ನೋಡಿ, ‘ತಂಗಿ, ನಮ್ಮ ಅಬ್ಬೆ ಸಾಗವಾನಿ ಎಲೆಲಿ ಕಟ್ಟಿ ಕೊಡ್ತಿದ್ಳು’ ಅಂದಳು. ಎರಡು ಮೀನು ಜಾಸ್ತಿಯೇ ಹಾಕಿದಳು. ಕೊಟ್ಟೆಗೂ ಅವಳದ್ದೇ ದುಡ್ಡು ಹೋಗುತ್ತದೆ, ಅಲ್ವಾ?

ತೂಕದ ವಿಷಯ ಒಂದು ಗಮನದಲ್ಲಿರಲಿ. ತೂಗದೆ ಪಾಲು ಹಾಕಿ ಮಾರುವ ಮೀನಾದರೆ ತೊಂದರೆ ಇಲ್ಲ. ಕಿಲೋ ಲೆಕ್ಕದ್ದಾದರೆ ಮೊದಲು ಖಾಲಿ ಡಬ್ಬಿಯನ್ನು ತಕ್ಕಡಿಯಲ್ಲಿ ಇಡಿಸಿ, ಇಲ್ಲವೇ ತೂಗಿದ ಮೇಲೆ ಡಬ್ಬಿಗೆ ಸುರಿಸಿ. ಡಬ್ಬಿಯನ್ನು ವೈರಿನ ಬುಟ್ಟಿಯಲ್ಲಿಡಿ, ಅದು ತೊಳೆಯಲು ಸುಲಭ. ವೈರಿನದ್ದೂ ಪ್ಲಾಸ್ಟಿಕ್ಕೇ. ಆದರೆ ಹತ್ತು ವರ್ಷ ಬರುವ ಪ್ಲಾಸ್ಟಿಕ್ಕಿನ ಮೇಲೆ ನನಗೆ ಸಿಟ್ಟಿಲ್ಲ. ಮನೆಗೆ ಬಂದು ಡಬ್ಬಿಗೆ ತಣ್ಣೀರು, ಲಿಂಬೆ ಸಿಪ್ಪೆ ಹಾಕಿ ತಿಕ್ಕಿ ಬಿಸಿಲಿಗೆ ಬೋರಲು ಹಾಕಿ. ಬಿಸಿನೀರು ಮೊದಲೇ ಹಾಕಬೇಡಿ, ವಾಸನೆ ಕೂತುಬಿಡುತ್ತದೆ.

5. ಮುರಿದ ಕೊಡೆಯಿಂದ ಮಳೆಗಾಲದ ಚೀಲ

ಪ್ರತಿ ಮಳೆಗಾಲದ ಕೊನೆಗೆ ಮನೆಯಲ್ಲಿ ಕಡ್ಡಿ ಮುರಿದ ಕೊಡೆ ಒಂದೆರಡು ಇದ್ದೇ ಇರುತ್ತವೆ. ಕಡ್ಡಿಗೆ ಹಾಕಿದ ಹೊಲಿಗೆ ಬಿಚ್ಚಿ ಬಟ್ಟೆ ತೆಗೆಯಿರಿ. ನಡುವಿಗೆ ಸರಿಯಾಗಿ ಎರಡು ಮಡಿಸಿ. ಮಡಿಕೆ ಕೆಳಗೆ ಬರಲಿ, ಅದೇ ಚೀಲದ ತಳ. ಮಧ್ಯದಲ್ಲಿ ಸುಮಾರು 16 ಇಂಚು ಅಗಲ ಬಿಟ್ಟು ಎರಡೂ ಬದಿ ನೇರ ಕತ್ತರಿಸಿ. ಕತ್ತರಿಸಿ ಉಳಿದ ತುಂಡಿನಿಂದ ಕೊಡೆಯ ತುದಿಯ ತೂತಿಗೆ ಎರಡು ಪದರದ ತೇಪೆ ಹಾಕಿ. ಎರಡೂ ಬದಿಗೆ ಹೊರಗಿನಿಂದ ಒಂದು ಹೊಲಿಗೆ, ತಿರುವಿ ಒಳಗಿನಿಂದ ಇನ್ನೊಂದು. ಬಾಯಿಯನ್ನು ಮಡಚಿ ಹೊಲಿಯಿರಿ. ಹಿಡಿಕೆಗೆ 3 ಇಂಚಿನ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ, ಕೂಡಿಸುವಲ್ಲಿ ಚೌಕ ಹೊಲಿದು ಅದರ ಒಳಗೆ ಗುಣಿಸುವ ಗುರುತಿನ ಹಾಗೆ ಅಡ್ಡಡ್ಡ ಹೊಲಿಯಿರಿ. ಹಿಡಿಕೆ ಕಿತ್ತುಹೋಗದಂತೆ ತಡೆಯುವುದು ಆ ಹೊಲಿಗೆಯೇ.

ಮಡಚಿದರೆ ಅಂಗೈಯಷ್ಟಾಗುತ್ತದೆ. ಒದ್ದೆಯಾದರೆ ಕೊಡವಿ ನೇತುಹಾಕಿ, ಬೇಗ ಒಣಗುತ್ತದೆ. ನನ್ನದು ನಾಲ್ಕು ಕಿಲೋ ತನಕ ತಡೆದಿದೆ. ತೆಂಗಿನಕಾಯಿಗೆ ಅಕ್ಕಿ ಚೀಲದ್ದೇ ಬೇಕು.

6. ಚೀಲ ಇಡುವ ಜಾಗ

ಚೀಲ ಇದ್ದೂ ಮನೆಯಲ್ಲೇ ಮರೆತು ಹೋಗುವುದು ಎಲ್ಲರ ಕಷ್ಟ. ಅಡುಗೆಮನೆಯಲ್ಲಿ ಇಟ್ಟರೆ ಖಂಡಿತ ಮರೆಯುತ್ತೀರಿ. ಚಪ್ಪಲಿ ಬಿಡುವ ಜಾಗದ ಮೇಲೆ ಒಂದು ಮೊಳೆ ಹೊಡೆದು ಅಲ್ಲಿ ಬುಟ್ಟಿ ನೇತುಹಾಕಿ, ಅದರೊಳಗೆ ಡಬ್ಬಿ, ಬಟ್ಟೆ ಚೀಲ ಎರಡೂ ಇರಲಿ. ಕೊಡೆ ಬಟ್ಟೆಯ ಚೀಲ ಸ್ಕೂಟರಿನ ಡಿಕ್ಕಿಯಲ್ಲಿರಲಿ. ತಂದ ಸಾಮಾನು ಖಾಲಿ ಮಾಡಿದ ಕೂಡಲೇ ಚೀಲವನ್ನು ಆ ಮೊಳೆಗೆ ಸಿಕ್ಕಿಸಿಯೇ ಕೈಕಾಲು ತೊಳೆಯಿರಿ.