ಏಳು ಡಿವಿಡಿ ಒಟ್ಟಿಗೆ ಕಾಪಿ ಮಾಡುವ ಟವರ್: ನಾವೇ ಜೋಡಿಸೋದು ಹೇಗೆ

ಈಗ ಡಿವಿಡಿ ಯಾರಿಗೆ ಬೇಕು ಅಂತೀರಾ? ಮಂಡ್ಯ ಕಡೆ ಮದುವೆ ವಿಡಿಯೋ ಮಾಡುವವರನ್ನು ಕೇಳಿ ನೋಡಿ. ಪೆನ್ ಡ್ರೈವ್ ಕೊಟ್ಟರೂ ಅಜ್ಜಿ ಮನೆಗೆ ಒಂದು, ಬೀಗರ ಮನೆಗೆ ಒಂದು ಅಂತ ಡಿಸ್ಕ್ ಕೇಳುವವರು ಇನ್ನೂ ಇದ್ದಾರೆ. ಶಾಲೆ ವಾರ್ಷಿಕೋತ್ಸವ ಬಂತೆಂದರೆ ನೂರು, ಇನ್ನೂರು ಕಾಪಿ. ಒಂದೇ ಡ್ರೈವ್‌ನಲ್ಲಿ ಮುಗಿಯುವ ಮಾತಲ್ಲ.

ಇದಕ್ಕೆ ಕಂಪ್ಯೂಟರ್ ಬೇಡವೇ ಬೇಡ. ಒಂದು ಸಾಟಾ ಡೂಪ್ಲಿಕೇಟರ್ ಕಂಟ್ರೋಲರ್ ಬೋರ್ಡ್ (ಸಾಟಾ ಕೇಬಲ್‌ನಲ್ಲಿ ಡ್ರೈವ್‌ಗಳನ್ನು ಜೋಡಿಸಿಕೊಂಡು ಕಾಪಿ ಕೆಲಸ ನಡೆಸುವ ಬೋರ್ಡ್; ಸಣ್ಣ ಡಿಸ್‌ಪ್ಲೇ, ನಾಲ್ಕು ಬಟನ್ ಜೊತೆಗೇ ಬರುತ್ತವೆ), ಓದೋಕೆ ಒಂದು ಡ್ರೈವ್, ಡಿಸ್ಕ್ ಬರೆಯೋಕೆ ಏಳು ಡ್ರೈವ್ (ರೈಟರ್), ಉದ್ದನೆ ಕ್ಯಾಬಿನೆಟ್, ಎಲ್ಲಕ್ಕೂ ಕರೆಂಟ್ ಕೊಡುವ ಪವರ್ ಸಪ್ಲೈ ಅಂದರೆ ಎಸ್‌ಎಂಪಿಎಸ್, ಇಷ್ಟೇ. ಬೋರ್ಡ್ ಮೈಸೂರಿನ ಅಂಗಡಿಗಳಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ವಿಚಾರಿಸಿ, ಇಲ್ಲಾ ಆನ್‌ಲೈನ್‌ನಲ್ಲಿ ತರಿಸಿ. ರೈಟರ್‌ಗಳು ಮಾತ್ರ ಏಳೂ ಒಂದೇ ಕಂಪನಿ, ಒಂದೇ ಮಾಡೆಲ್ ಇರಲಿ. ಸಿಕ್ಕಿದ್ದೆಲ್ಲ ಸೇರಿಸಿದರೆ ಒಂದು ಮುಗಿಸಿ ಕೂತಿರುತ್ತದೆ, ಇನ್ನೊಂದು ಎರರ್ ಕೊಡುತ್ತಿರುತ್ತದೆ.

ದುಡ್ಡು ಉಳಿಸಬಾರದ ಜಾಗ ಎಸ್‌ಎಂಪಿಎಸ್. ಪ್ರತಿ ಡ್ರೈವ್ ಮೇಲಿನ ಸ್ಟಿಕರ್‌ನಲ್ಲಿ 5 ವೋಲ್ಟ್‌ಗೆ ಎಷ್ಟು ಆಂಪ್, 12 ವೋಲ್ಟ್‌ಗೆ ಎಷ್ಟು ಆಂಪ್ ಅಂತ ಇರುತ್ತದೆ. 12 ವೋಲ್ಟ್‌ಗೆ 1.5 ಆಂಪ್ ಅಂತಿದ್ದರೆ ಎಂಟು ಡ್ರೈವ್‌ಗೆ 12 ಆಂಪ್ ಆಯಿತು, ಅದರ ಮೇಲೆ ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ. ಹೊರಗೆ ಬರೆದಿರುವ ವ್ಯಾಟ್ ನೋಡಿ ಮೋಸ ಹೋಗಬೇಡಿ, 5 ವೋಲ್ಟ್, 12 ವೋಲ್ಟ್ ಎರಡೂ ಲೈನಿನ ಆಂಪ್ ಬೇರೆ ಬೇರೆ ನೋಡಿ. ಎಂಟೂ ಡ್ರೈವ್‌ಗಳನ್ನು ಒಂದೇ ವೈರಿಗೆ ಸ್ಪ್ಲಿಟರ್ ಹಾಕಿ ನೇತುಹಾಕಬೇಡಿ, ಕನೆಕ್ಟರ್ ಬಿಸಿಯಾಗಿ ಕರಗುತ್ತದೆ.

ಮದರ್‌ಬೋರ್ಡ್ ಇಲ್ಲದೆ ಎಸ್‌ಎಂಪಿಎಸ್ ಆನ್ ಆಗಬೇಕಲ್ವಾ? ಪ್ಲಗ್ ಕಿತ್ತಿಟ್ಟು, 24 ಪಿನ್ ಕನೆಕ್ಟರ್‌ನ ಹಸಿರು ವೈರನ್ನು ಪಕ್ಕದ ಕಪ್ಪು ವೈರಿಗೆ ಸೇರಿಸಿ, ನಡುವೆ ಒಂದು ಸ್ವಿಚ್ ಹಾಕಿ. ಕ್ಯಾಬಿನೆಟ್‌ನ ಬಟನ್ ಇದಕ್ಕೆ ಆಗಲ್ಲ, ಬೆರಳು ತೆಗೆದ ಕೂಡಲೇ ಆಫ್ ಆಗುತ್ತದೆ. ಒತ್ತಿದರೆ ಹಾಗೇ ನಿಲ್ಲುವ ಸ್ವಿಚ್ ಬೇಕು. ಓದುವ ಡ್ರೈವ್‌ಗೆ ಯಾವ ಪೋರ್ಟ್ ಅಂತ ಬೋರ್ಡ್ ಮೇಲೇ ಗುರುತಿರುತ್ತದೆ. ಹಿಂದೆ ಒಂದು 120 ಎಂಎಂ ಫ್ಯಾನ್ ಹಾಕಿ, ಸಾಲಾಗಿ ಕೂತ ಡ್ರೈವ್‌ಗಳು ಸಖತ್ ಬಿಸಿಯಾಗುತ್ತವೆ.

ಬರೆಯುವ ಸ್ಪೀಡ್ 16 ಎಕ್ಸ್ (ಮಾಮೂಲಿ ವೇಗದ 16 ಪಟ್ಟು) ಇದ್ದರೂ 8 ಎಕ್ಸ್‌ಗೆ ಇಡಿ. ತುಂಬಿದ 4.7 ಜಿಬಿ ಡಿಸ್ಕ್‌ಗೆ ಎಂಟೊಂಬತ್ತು ನಿಮಿಷ, ಡಿಸ್ಕ್ ಬದಲಾಯಿಸುವುದೂ ಸೇರಿ ಗಂಟೆಗೆ ನಲವತ್ತರ ಹತ್ತಿರ ಬರುತ್ತದೆ. ಮೊದಲ ಸುತ್ತು ಮುಗಿದ ಮೇಲೆ ಬೋರ್ಡ್‌ನಲ್ಲಿ ಕಂಪೇರ್ ಹಾಕಿ, ಮಾಸ್ಟರ್ (ಮೂಲ ಡಿಸ್ಕ್) ಜೊತೆ ತಾಳೆ ನೋಡಿ. ಹಳೇ ಟಿವಿ ಪಕ್ಕದ ಪ್ಲೇಯರ್‌ನಲ್ಲೂ ಒಂದನ್ನು ಓಡಿಸಿ. ಅಂದ ಹಾಗೆ, ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್ ಕಾಪಿ ಮಾಡೋಕೆ ಹೋಗಬೇಡಿ, ಅದು ಕಾಪಿರೈಟ್ ಕೇಸು.

ಕರೆಂಟ್ ಹೋದರೆ ಏಳು ಡಿಸ್ಕೂ ಒಟ್ಟಿಗೇ ಹಾಳು, ಡಿವಿಡಿ-ಆರ್ ಮತ್ತೆ ಬರೆಯೋಕೆ ಬರಲ್ಲ. ಯುಪಿಎಸ್ ಇಲ್ಲದೆ ದೊಡ್ಡ ಆರ್ಡರ್ ಶುರು ಮಾಡಬೇಡಿ.